ಮೀಟರ್ ಸರಿ ಇದೆ, ಮಾತು ತಲುಪುತ್ತಿಲ್ಲ: ಏಕೆ?

ಪ್ರಶ್ನೆ: ಎರಡು ವರ್ಷದ ಹಿಂದೆ ಹವ್ಯಾಸಿ ರೇಡಿಯೊ ಲೈಸೆನ್ಸ್ ಪಡೆದೆ. ಮನೆಯ ಮಾಳಿಗೆ ಮೇಲೆ ಜಿಐ ಪೈಪು ನಿಲ್ಲಿಸಿ, ಅಲ್ಲಿಂದ ಒಂದು ಕಡೆ ಬೇವಿನ ಗಿಡಕ್ಕೆ, ಇನ್ನೊಂದು ಕಡೆ ಕೊಟ್ಟಿಗೆಯ ಮೂಲೆಗೆ ತಾಮ್ರದ ತಂತಿ ಎಳೆದು 40 ಮೀಟರ್ ಬ್ಯಾಂಡಿನ ಡೈಪೋಲ್ ಕಟ್ಟಿದ್ದೇನೆ. ಮೊದಲ ವರ್ಷ ಬೆಂಗಳೂರು, ಹೈದರಾಬಾದ್, ಪುಣೆಯವರಿಗೆ ನನ್ನ ದನಿ ಚೆನ್ನಾಗಿ ಕೇಳುತ್ತಿತ್ತು. ಈಗ ಎಲ್ಲರೂ ‘ದನಿ ಬಹಳ ಸಣ್ಣಗಾಗಿದೆ’ ಎನ್ನುತ್ತಾರೆ. ವಿಚಿತ್ರವೆಂದರೆ ಎಸ್‌ಡಬ್ಲ್ಯೂಆರ್ ಮೀಟರ್ ಮೊದಲಿಗಿಂತ ಒಳ್ಳೆಯ ಅಂಕೆಯನ್ನೇ ತೋರಿಸುತ್ತಿದೆ. ತಂತಿ ಕಪ್ಪಾಗಿ, ಅಲ್ಲಲ್ಲಿ ಹಸಿರಾಗಿದೆ. ಅದನ್ನು ಕಿತ್ತು ಸ್ಟೇನ್‌ಲೆಸ್ ಸ್ಟೀಲ್ ತಂತಿ ಹಾಕಲೇ? ಬಿಸಿಲು ಮಳೆಗೆ ಬಾಳುವ ಸಾಮಾನು ಮತ್ತು ಕನೆಕ್ಟರ್ ಯಾವುವು?
— ಒಬ್ಬ ಓದುಗರು, ಸರಸಂಬಾ, ಆಳಂದ ತಾಲ್ಲೂಕು

ಉತ್ತರ: ‘ಮೀಟರ್ ಸರಿ ತೋರಿಸುತ್ತಿದೆ, ಆದರೂ ಮಾತು ತಲುಪುತ್ತಿಲ್ಲ’ ಎಂಬ ಎರಡನ್ನೂ ಒಟ್ಟಿಗೆ ಗಮನಿಸಿ ಬರೆದಿದ್ದೀರಿ. ಬಹಳಷ್ಟು ಜನ ಮೀಟರ್ ನೋಡಿ ಸಮಾಧಾನಪಟ್ಟುಕೊಂಡು, ದೋಷವನ್ನು ಆಕಾಶದ ಮೇಲೆ ಹಾಕಿ ಸುಮ್ಮನಾಗುತ್ತಾರೆ. ನಿಮ್ಮ ಸಂಶಯ ಇಷ್ಟು: ದನಿಯನ್ನು ಕದಿಯುತ್ತಿರುವ ಕಳ್ಳ ಹಸಿರಾದ ತಾಮ್ರವೇ? ಅದರ ಬದಲು ತುಕ್ಕು ಹಿಡಿಯದ ಲೋಹ ಹಾಕಿದರೆ ಸರಿಹೋದೀತೇ? ಮೊದಲೇ ಹೇಳಿಬಿಡುತ್ತೇನೆ, ತಂತಿಯನ್ನು ಕೀಳಬೇಡಿ. ಕಳ್ಳ ಇರುವುದು ತಂತಿಯಲ್ಲಲ್ಲ. ತಂತಿಯೂ ಕೇಬಲ್ಲೂ ಕೂಡುವ ಆ ಗೇಣುದ್ದದ ಜಾಗದಲ್ಲಿ, ಮತ್ತು ಅಲ್ಲಿಂದ ನೀರು ಕುಡಿದ ಕೇಬಲ್ಲಿನಲ್ಲಿ.

ಮೊದಲು ಮೀಟರಿನ ಮಾತು ಮುಗಿಸೋಣ. ಗೊಂದಲ ಹುಟ್ಟುವುದೇ ಅಲ್ಲಿ, ಮತ್ತು ಹುಟ್ಟುವುದು ಸಹಜ. ಎಸ್‌ಡಬ್ಲ್ಯೂಆರ್ ಮೀಟರ್ ಆಂಟೆನಾವನ್ನು ನೋಡುವುದಿಲ್ಲ. ನಿಮ್ಮ ಮೇಜಿನ ಮೇಲೆ ಕುಳಿತು, ಹೋದದ್ದೆಷ್ಟು, ತಿರುಗಿ ಬಂದದ್ದೆಷ್ಟು ಎಂದು ಮಾತ್ರ ಲೆಕ್ಕ ಹಾಕುತ್ತದೆ. ಬಾವಿಯೊಳಗೆ ಬಗ್ಗಿ ಕೂಗಿದರೆ ದನಿ ತಳ ಮುಟ್ಟಿ ಮಾರ್ದನಿಯಾಗಿ ಬರುತ್ತದೆ. ಅದೇ ಬಾವಿಯಲ್ಲಿ ಹತ್ತಿ ತುಂಬಿ ಕೂಗಿ ನೋಡಿ, ಮಾರ್ದನಿ ಬರುವುದಿಲ್ಲ. ಬರಲಿಲ್ಲವೆಂದು ದನಿ ತಳ ಮುಟ್ಟಿತು ಎನ್ನಲಾದೀತೇ? ನಡುವೆ ಹತ್ತಿ ನುಂಗಿದೆ. ನೀರು ಕುಡಿದ ಕೇಬಲ್ ಈ ಹತ್ತಿಯಂತೆ.

ಅಂಕೆಯಲ್ಲೇ ನೋಡಿ. ನೀವು 40 ವ್ಯಾಟ್ ಕಳಿಸುತ್ತೀರಿ ಎಂದುಕೊಳ್ಳೋಣ. ಕೇಬಲ್ ಕೆಟ್ಟು, ಒಂದು ದಿಕ್ಕಿಗೆ 6 ಡೆಸಿಬೆಲ್ ನಷ್ಟವಾಗುತ್ತಿದೆ. ಅಂದರೆ ನಾಲ್ಕರಲ್ಲಿ ಒಂದು ಪಾಲು ಮಾತ್ರ ಮೇಲೆ ಹೋಗುತ್ತದೆ. ಆಂಟೆನಾಕ್ಕೆ ಸಿಕ್ಕಿದ್ದು 10 ವ್ಯಾಟ್. ಜೋಡಣೆಯೂ ಕೆಟ್ಟು ಅಲ್ಲಿನ ನಿಜವಾದ ಎಸ್‌ಡಬ್ಲ್ಯೂಆರ್ 3 ಆಗಿದ್ದರೆ, ಅದರ ಕಾಲು ಭಾಗ, ಎರಡೂವರೆ ವ್ಯಾಟ್, ಹಿಂದಕ್ಕೆ ತಿರುಗುತ್ತದೆ. ಇಳಿದು ಬರುವಾಗ ಕೇಬಲ್ ಮತ್ತೆ ಮುಕ್ಕಾಲು ಪಾಲು ನುಂಗಿ, ಮೀಟರಿಗೆ ಮುಟ್ಟುವುದು ಸುಮಾರು 0.6 ವ್ಯಾಟ್. ನಲವತ್ತು ಹೋಗಿ ಅರ್ಧ ಮುಕ್ಕಾಲು ಬಂದರೆ ಮೀಟರ್ 1.3 ಎನ್ನುತ್ತದೆ. ನೀವು ‘ಭೇಷ್’ ಎನ್ನುತ್ತೀರಿ. ಗಾಳಿಗೆ ಹೋದದ್ದು ಮಾತ್ರ ಏಳೂವರೆ ವ್ಯಾಟ್. ಇದೇ ಆಂಟೆನಾ ನಷ್ಟವಿಲ್ಲದ ಕೇಬಲ್ಲಿನಲ್ಲಿದ್ದರೆ ಮೀಟರ್ 3 ಎಂದು ಕೂಗಿ ಹೇಳುತ್ತಿತ್ತು, ನೀವು ಅಂದೇ ಏಣಿ ಹತ್ತುತ್ತಿದ್ದಿರಿ. ಯಾರೂ ಏನೂ ಮುಟ್ಟದಿದ್ದರೂ ಎಸ್‌ಡಬ್ಲ್ಯೂಆರ್ ತಾನಾಗಿಯೇ ಸುಧಾರಿಸಿದರೆ ಸಂಶಯಪಡಬೇಕು.

ಪರೀಕ್ಷೆ ಸುಲಭ. ಮೇಲೆ ಹತ್ತಿ ಕೇಬಲ್ಲನ್ನು ಆಂಟೆನಾದಿಂದ ಬಿಚ್ಚಿ ತುದಿಯನ್ನು ಹಾಗೇ ಬಿಡಿ. ಕೆಳಗೆ ಬಂದು ಆಂಟೆನಾ ಅನಲೈಸರ್ ಅಥವಾ ನ್ಯಾನೊ ವಿಎನ್‌ಎಯಿಂದ ಅಳೆಯಿರಿ. ಅದಿಲ್ಲದಿದ್ದರೆ ರೇಡಿಯೊವನ್ನು ಅತಿ ಕಡಿಮೆ ಶಕ್ತಿಗೆ ಇಳಿಸಿ ಎರಡೇ ಸೆಕೆಂಡು ಒತ್ತಿ ನೋಡಿ. ತುದಿ ಬಿಚ್ಚಿದ ಕೇಬಲ್ಲಿಗೆ ಪೂರ್ಣ ಶಕ್ತಿ ಬಿಡುವುದು ರೇಡಿಯೊಕ್ಕೆ ಒಳ್ಳೆಯದಲ್ಲ. 30 ಮೀಟರಿನ ಆರೋಗ್ಯವಂತ ಆರ್‌ಜಿ-58 ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ ಹೀಗೆ ಎಸ್‌ಡಬ್ಲ್ಯೂಆರ್ ಏಳರ ಆಸುಪಾಸು, ಅಥವಾ ಮುಳ್ಳು ಕೊನೆ ಮುಟ್ಟುವಷ್ಟು, ತೋರಿಸಬೇಕು. ಎರಡು ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಆ ಕೇಬಲ್ಲಿಗೆ ಮದ್ದಿಲ್ಲ. ಒಣಗಿಸಿ ಮತ್ತೆ ಬಳಸುತ್ತೇನೆ ಎನ್ನಬೇಡಿ.

ನೀರು ಒಳಗೆ ಹೋದದ್ದು ಹೇಗೆ? ಕೇಬಲ್ಲಿನ ಮೇಲಿನ ತುದಿಯನ್ನು ನೀವು ಬಹುಶಃ ಒಳಗಂಬಿ ಒಂದು ಕಡೆ, ಹೆಣೆದ ಜಾಲರಿ ಇನ್ನೊಂದು ಕಡೆ ಎಂದು ಸೀಳಿ, ತಂತಿಯ ಎರಡು ತುದಿಗೆ ಸುತ್ತಿ ಬೆಸುಗೆ ಹಾಕಿ, ಮೇಲೆ ಟೇಪು ಸುತ್ತಿರುತ್ತೀರಿ. ಎಲ್ಲರೂ ಮೊದಲ ಸಲ ಹಾಗೇ ಮಾಡುತ್ತಾರೆ, ನಾನೂ ಮಾಡಿದ್ದೆ. ಸೀಳಿದ ಜಾಲರಿ ಎಂದರೆ ದೀಪದ ಬತ್ತಿ ಇದ್ದ ಹಾಗೆ. ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವಂತೆ ಜಾಲರಿಯ ಸಣ್ಣ ಎಳೆಗಳು ನೀರನ್ನು ಎಳೆದುಕೊಳ್ಳುತ್ತವೆ. ಇಲ್ಲಂತೂ ಇಳಿಜಾರು ಬೇರೆ. ಹೊರಗಿನ ಕವಚ ಗಟ್ಟಿಯಾಗಿದ್ದಷ್ಟೂ ನೀರು ಒಳಗೇ ಉಳಿಯುತ್ತದೆ.

ನನ್ನ ಮಾಳಿಗೆಯ ಒಂದು ಕಥೆ ಹೇಳಬೇಕು. ಮಳೆ ಹೋಗಬಾರದೆಂದು ಆ ಸೀಳಿನ ಮೇಲೆ ಕಿಟಕಿ ಗಾಜಿಗೆ ಬಳಿಯುವ ಸಿಲಿಕೋನ್ ಅಂಟನ್ನು ಧಾರಾಳವಾಗಿ ಮೆತ್ತಿದ್ದೆ. ಟ್ಯೂಬು ಹಿಚುಕಿದಾಗ ಉಪ್ಪಿನಕಾಯಿಗೆ ಹಾಕುವ ವಿನೆಗರಿನ ವಾಸನೆ ಗಪ್ಪೆಂದು ಬಂದಿತ್ತು, ನಾನು ಗಮನ ಕೊಡಲಿಲ್ಲ. ಮರುವರ್ಷ ಬ್ಲೇಡಿನಿಂದ ಕೊಯ್ದು ನೋಡಿದೆ. ಅಂಟು ಮೇಲೆ ಮಿರಮಿರ ಎನ್ನುತ್ತಿತ್ತು. ಒಳಗೆ ಜಾಲರಿ ಇದ್ದ ಕಡೆ ತಿಳಿಹಸಿರು ಹಿಟ್ಟು; ಉಗುರಿನಿಂದ ಕೆರೆದರೆ ಎಳೆಗಳು ಒಣ ಹುಲ್ಲಿನ ಹಾಗೆ ಪುಡಿಯಾದವು. ಅಲ್ಲಿಂದ ಕೆಳಕ್ಕೆ ಒಂದೊಂದೇ ಅಡಿ ಕವಚ ಸೀಳುತ್ತ ಹೋದೆ. ಎಂಟು ಅಡಿಯವರೆಗೂ ಜಾಲರಿ ಕಾಡಿಗೆಯಂತೆ ಕಪ್ಪು. ವಿನೆಗರಿನ ವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಆ ಆಮ್ಲ ತಾಮ್ರವನ್ನು ತಿನ್ನುತ್ತದೆ. ಸಿಲಿಕೋನೇ ಬೇಕೆಂದರೆ ‘ನ್ಯೂಟ್ರಲ್ ಕ್ಯೂರ್’ ಎಂದು ಬರೆದಿರುವುದನ್ನು ಕೇಳಿ ಪಡೆಯಿರಿ.

ಈಗ ನಿಮ್ಮ ಊರಿನ ಹವೆಗೆ ಬರೋಣ. ಆಂಟೆನಾ ಪುಸ್ತಕಗಳಲ್ಲಿ ಉಪ್ಪುಗಾಳಿ, ಹಿಮ, ಮಂಜುಗಡ್ಡೆಯ ಭಾರ ಎಂದೆಲ್ಲ ಇರುತ್ತದೆ. ಕಾರವಾರದಲ್ಲಿಯೋ ಮಂಗಳೂರಿನಲ್ಲಿಯೋ ಸಮುದ್ರಕ್ಕೆ ಮುಖ ಮಾಡಿ ಮಾಸ್ಟ್ ನಿಲ್ಲಿಸುವವರು ಉಪ್ಪಿಗೆ ಹೆದರಿ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟು ಹುಡುಕಲೇಬೇಕು. ಸರಸಂಬಾಕ್ಕೆ ಆ ಖರ್ಚು ಬೇಡ, 304 ಧಾರಾಳ ಸಾಕು. ನಿಮ್ಮಲ್ಲಿ ಶತ್ರು ಬೇರೆ: ಏಪ್ರಿಲ್, ಮೇ ತಿಂಗಳಲ್ಲಿ 42-43 ಡಿಗ್ರಿ ಮುಟ್ಟುವ ಬಿಸಿಲು, ಮುಂಗಾರಿಗೆ ಮೊದಲು ಏಳುವ ಗಾಳಿ, ಸಿಡಿಲು, ಮತ್ತು ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಗಾಲದಲ್ಲಿ ಉಬ್ಬುವ ಎರೆ ಮಣ್ಣು. ಬಿಸಿಲು ಪ್ಲಾಸ್ಟಿಕ್ಕನ್ನು ಕೊಲ್ಲುತ್ತದೆ. ಪ್ಲಾಸ್ಟಿಕ್ ಬಿರುಕು ಬಿಟ್ಟ ಜಾಗದಲ್ಲಿ ಮೊದಲ ಮಳೆ ಹೋಗಿ ಲೋಹವನ್ನು ಕೊಲ್ಲುತ್ತದೆ. ಕೊಲೆ ಮಾಡಿದ್ದು ಮಳೆ ಎಂದು ಕಾಣಿಸಿದರೂ ಬಾಗಿಲು ತೆಗೆದು ಕೊಟ್ಟದ್ದು ಬಿಸಿಲೇ.

ತಂತಿಯ ವಿಷಯ. ಅಧಿಕ ಆವೃತ್ತಿಯ ವಿದ್ಯುತ್ತು ಲೋಹದ ಒಡಲಲ್ಲಿ ಹರಿಯುವುದಿಲ್ಲ, ಚರ್ಮದಲ್ಲಿ ಹರಿಯುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ತಾಮ್ರದೊಳಗೆ ಅದು ಇಳಿಯುವ ಆಳ ಒಂದು ಮಿಲಿಮೀಟರಿನ ನಲವತ್ತರಲ್ಲಿ ಒಂದು ಭಾಗ. ಹಾಗಾದರೆ ಮೇಲಿನ ಹಸಿರು ಪದರವೇ ಅಡ್ಡವಾಗುವುದಿಲ್ಲವೇ ಎಂದು ನೀವು ಕೇಳಬಹುದು. ಆ ಪದರ ವಿದ್ಯುತ್ತನ್ನು ಸಾಗಿಸುವುದೇ ಇಲ್ಲ. ಹರಿವು ಅದರ ಅಡಿಯ ಶುದ್ಧ ತಾಮ್ರದಲ್ಲಿ ನಡೆಯುತ್ತದೆ. ಹಸಿರು ತಂತಿಗೆ ಹೊದಿಕೆ, ಜೋಡಣೆಗೆ ಮಾತ್ರ ಗೋಡೆ. ನಡುತಂತಿಯ ಮೇಲೆ ಹಸಿರು ಕಂಡರೆ ಬಿಡಿ. ಎರಡು ಲೋಹ ಮುಟ್ಟುವ ಕಡೆ ಕಂಡರೆ ಬಿಚ್ಚಿ.

ಸ್ಟೇನ್‌ಲೆಸ್ ತಂತಿ ಹಾಕಿದರೆ? ಅದರ ವಿದ್ಯುತ್ ರೋಧ ತಾಮ್ರದ ಸುಮಾರು ನಲವತ್ತು ಪಟ್ಟು. ಚರ್ಮದಲ್ಲಿ ಹರಿಯುವ ಲೆಕ್ಕ ಹಿಡಿದಾಗ ನಿಜವಾದ ವ್ಯತ್ಯಾಸ ಆರೇಳು ಪಟ್ಟಿಗೆ ಇಳಿಯುತ್ತದೆ. 2 ಮಿಲಿಮೀಟರ್ ದಪ್ಪದ ತಾಮ್ರದ ಡೈಪೋಲಿನಲ್ಲಿ ಬಿಸಿಯಾಗಿ ಹಾಳಾಗುವ ಶಕ್ತಿ ನೂರಕ್ಕೆ ಒಂದೂವರೆ, ಸ್ಟೇನ್‌ಲೆಸ್‌ನಲ್ಲಿ ಒಂಬತ್ತರ ಸುಮಾರು. ಕಿವಿಗೆ ಗೊತ್ತಾಗುವಷ್ಟು ನಷ್ಟವೇನಲ್ಲ. ಆದರೆ ಲಾಭವಂತೂ ಇಲ್ಲ, ಮೇಲಾಗಿ ಸ್ಟೇನ್‌ಲೆಸ್‌ಗೆ ಮಾಮೂಲಿ ಬೆಸುಗೆ ಹಿಡಿಯುವುದಿಲ್ಲ. ಸಮಸ್ಯೆ ಇರುವ ಜಾಗಕ್ಕೇ ಹೊಸ ಸಮಸ್ಯೆ ತಂದಂತಾಯಿತು. ಜಿಐ ತಂತಿ ಸತುವಿನ ಲೇಪ ಇರುವತನಕ ನಡೆಯುತ್ತದೆ, ಕೆಂಪು ತುಕ್ಕು ಬಂದ ಮೇಲೆ ನಡೆಯುವುದಿಲ್ಲ.

ಹೊಸ ತಂತಿ ಬೇಕೇ ಆದರೆ ಮನೆ ವೈರಿಂಗಿನ ಎರಡೂವರೆ ಚದರ ಮಿಲಿಮೀಟರಿನ ಪಿವಿಸಿ ಹೊದಿಕೆಯ ತಾಮ್ರದ ವೈರು ತನ್ನಿ, ಆಳಂದದಲ್ಲೇ ಸಿಗುತ್ತದೆ. ಹೊದಿಕೆ ಇರುವುದರಿಂದ ಡೈಪೋಲಿನ ಉದ್ದ ನೂರಕ್ಕೆ ಎರಡರಿಂದ ಐದರಷ್ಟು ಕಡಿಮೆ ಬೇಕಾಗುತ್ತದೆ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸುವ ಸೂತ್ರದಂತೆ 7.1ಕ್ಕೆ 20 ಮೀಟರಿನ ಮೇಲೆ ಸ್ವಲ್ಪ ಬರುತ್ತದೆ; ಅಷ್ಟೇ ಕಟ್ಟಿ, ಆಮೇಲೆ ಎರಡೂ ತುದಿಯಲ್ಲಿ ಸಮನಾಗಿ ಮಡಚುತ್ತ ಬನ್ನಿ. ಮೊದಲೇ ಕತ್ತರಿಸಬೇಡಿ. ಮೆತ್ತನೆಯ ತಾಮ್ರ ಎಳೆತಕ್ಕೆ ಹಿಗ್ಗುತ್ತದೆ, ಹಾಗಾಗಿ ಮೊದಲ ಬೇಸಿಗೆ ಕಳೆದ ಮೇಲೆ ಇನ್ನೊಮ್ಮೆ ಅಳೆಯುವುದು ಒಳ್ಳೆಯದು.

ಸಾಮಾನು ಅಗ್ಗವಾಗಿರಬಹುದು, ಜೋಡಣೆ ಅಗ್ಗವಾಗಬಾರದು ಎಂಬುದಕ್ಕೆ ನಿಮ್ಮ ಜಿಲ್ಲೆಯದ್ದೇ ಒಂದು ಹಳೆಯ ಸಾಕ್ಷಿ ಇದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೊ ಮತ್ತು ಅಮೆರಿಕದ ನಾಸಾ ಕೂಡಿ ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗ ನಡೆಸಿದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಅಂದಿನ ಗುಲಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳು. ಹಳ್ಳಿಯಲ್ಲಿ ನಿಲ್ಲಿಸಿದ ಸುಮಾರು 3 ಮೀಟರ್ ಅಗಲದ ಬುಟ್ಟಿಯಾಕಾರದ ಆಂಟೆನಾಕ್ಕೆ ಹೊದಿಸಿದ್ದು ಏನು ಗೊತ್ತೇ? ಕೋಳಿಗೂಡಿಗೆ ಹಾಕುವ ತಂತಿಬಲೆ! ಅದು ನಡೆಯಿತು, ಏಕೆಂದರೆ ಉಪಗ್ರಹದ 860 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಬಲೆಯ ಸಣ್ಣ ಕಣ್ಣುಗಳು ಆ ಅಲೆಗೆ ಕಾಣುವುದೇ ಇಲ್ಲ, ತಗಡು ಹೊದಿಸಿದರೂ ಒಂದೇ, ಬಲೆಯಾದರೂ ಒಂದೇ. ಬುಟ್ಟಿ ಬರೀ ಅಲೆಯನ್ನು ಪ್ರತಿಫಲಿಸುತ್ತದೆ. ಅಲೆ ಕೇಬಲ್ಲಿಗೆ ಇಳಿಯುವ ಜಾಗದಲ್ಲಿ ಇಂಥ ರಿಯಾಯಿತಿ ಇರಲಿಲ್ಲ. ನಿಮ್ಮ ಊರಿನ ಹಿರಿಯರಲ್ಲಿ ಯಾರಾದರೂ ಆ ಬುಟ್ಟಿಗಳನ್ನು ನೋಡಿದವರಿದ್ದರೆ ಕೇಳಿ, ಮಾತಾಡಲು ಒಂದು ಸಂಜೆ ಸಾಲದು.

ಎರಡು ಬೇರೆ ಲೋಹಗಳು ಮುಟ್ಟುವ ಕಡೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ತಾಮ್ರವನ್ನು ಸತು ಲೇಪಿಸಿದ ಜಿಐ ಪೈಪಿಗೋ ಅಲ್ಯೂಮಿನಿಯಂ ಕೊಳವೆಗೋ ನೇರವಾಗಿ ಬಿಗಿದು ಮೇಲೆ ನೀರು ಬಿದ್ದರೆ ಅಲ್ಲೊಂದು ಪುಟ್ಟ ಬ್ಯಾಟರಿ ಸೆಲ್ ಹುಟ್ಟಿಕೊಳ್ಳುತ್ತದೆ. ಸೆಲ್ಲಿನಲ್ಲಿ ಸತುವಿನ ಡಬ್ಬಿ ಕರಗುವಂತೆ ಇಲ್ಲಿ ಸತು ಅಥವಾ ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ. ತಾಮ್ರ ಕೂದಲೂ ಕೊಂಕದೆ ಇರುತ್ತದೆ. ದೂರದರ್ಶನದ ಕಾಲದ ಹಳೆಯ ಟಿವಿ ಆಂಟೆನಾ ಅಟ್ಟದಲ್ಲಿದ್ದರೆ ಇಳಿಸಿ ನೋಡಿ, ಕೇಬಲ್ ಬಿಗಿದ ಸ್ಕ್ರೂ ಸುತ್ತ ಆ ಬಿಳಿ ಪುಡಿ ಕಾಣುತ್ತದೆ. ಉಪಾಯ ಇಷ್ಟೇ: ತಾಮ್ರದ ತುದಿಗೆ ತವರ ಲೇಪಿಸಿದ ಲಗ್ ಬೆಸೆಯಿರಿ, ಲಗ್ಗಿಗೂ ಅಲ್ಯೂಮಿನಿಯಮ್ಮಿಗೂ ನಡುವೆ ಸ್ಟೇನ್‌ಲೆಸ್ ವಾಷರ್ ಇಡಿ, ಸ್ಟೇನ್‌ಲೆಸ್ ಬೋಲ್ಟಿನಿಂದ ಬಿಗಿಯಿರಿ, ಮೇಲೆ ಗ್ರೀಸು ಹಚ್ಚಿ ನೀರು ಮುಟ್ಟದಂತೆ ಮಾಡಿ. ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟನ್ನು ಒಮ್ಮೆ ಕಚ್ಚಿಕೊಂಡರೆ ಬಿಡುವುದಿಲ್ಲ, ಗರಗಸವೇ ಗತಿ. ಆದ್ದರಿಂದ ಮರೆಗಳಿಗೂ ಗ್ರೀಸು ಸವರಿ ನಿಧಾನವಾಗಿ ತಿರುಗಿಸಿ.

ಕನೆಕ್ಟರ್ ಬಗ್ಗೆ ನೇರವಾಗಿ ಕೇಳಿದ್ದೀರಿ. ಸೀಳಿದ ತುದಿಯನ್ನು ಬಿಟ್ಟು, ಡೈಪೋಲಿನ ನಡುವೆ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಇಟ್ಟು ಅದರ ತಳಕ್ಕೆ ಸಾಕೆಟ್ ಕೂರಿಸಿ. ನಿಮ್ಮ ರೇಡಿಯೊದ ಹಿಂದಿರುವ, ಪಿಎಲ್-259 ಎಂಬ ಪ್ಲಗ್ ಹೋಗುವ ಜಾತಿಯದ್ದೇ ಆದೀತು. ಅದರ ಹೆಸರು ಯುಎಚ್‌ಎಫ್ ಕನೆಕ್ಟರ್ ಆದರೂ ಅದು ಸರಿಯಾಗಿ ನಡೆಯುವುದು ಎಚ್‌ಎಫ್‌ನಲ್ಲಿ ಮತ್ತು 145 ಮೆಗಾಹರ್ಟ್ಸ್‌ವರೆಗೆ. 1930ರ ದಶಕದಲ್ಲಿ ಹುಟ್ಟಿದ್ದು, ಆಗ 30 ಮೆಗಾಹರ್ಟ್ಸ್ ದಾಟಿದರೆ ಅದೇ ಅತ್ಯುಚ್ಚ. ಆದರೆ ನೀರು ತಡೆಯುವ ಗುಣ ಅದಕ್ಕಿಲ್ಲ. 1940ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಪಾಲ್ ನೀಲ್ ರೂಪಿಸಿದ, ಅವರ ಹೆಸರಿನ ಮೊದಲಕ್ಷರವನ್ನೇ ಹೊತ್ತ ಎನ್ ಕನೆಕ್ಟರಿನೊಳಗೆ ರಬ್ಬರ್ ಉಂಗುರವಿದೆ. ಮುಂದೆ 145 ಅಥವಾ 435 ಮೆಗಾಹರ್ಟ್ಸ್‌ಗೆ ಆಂಟೆನಾ ಕಟ್ಟುವ ಆಸೆಯಿದ್ದರೆ ಮೇಲಿನ ತುದಿಗೆ ಎನ್ ಹಾಕಿ. 40 ಮೀಟರಿಗೆ ಪಿಎಲ್-259ನ್ನು ಚೆನ್ನಾಗಿ ಸುತ್ತಿದರೆ ಸಾಕು ಎಂಬುದು ನನ್ನ ಅಭಿಪ್ರಾಯ; ಸುತ್ತದ ಎನ್‌ಗಿಂತ ಸುತ್ತಿದ ಪಿಎಲ್ ಮೇಲು.

ಕೊಳ್ಳುವಾಗ ಒಳಗಿನ ಬಿಳಿ ಬಿಲ್ಲೆ ಟೆಫ್ಲಾನ್ ಹೌದೇ ಎಂದು ಕೇಳಿ. ಬೆಸುಗೆ ಕಡ್ಡಿ ತಾಗಿಸಿದರೆ ಟೆಫ್ಲಾನ್ ಕರಗುವುದಿಲ್ಲ. ಅಗ್ಗದ ಪ್ಲಾಸ್ಟಿಕ್ ಕರಗಿ ನಡುಪಿನ್ನು ವಾಲುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಅಂಥ ಪ್ಲಗ್ ಬೇಸಿಗೆಯ ಬಿಸಿಗೆ ಇನ್ನಷ್ಟು ಸಡಿಲಾಗುತ್ತದೆ.

ಸುತ್ತುವುದು ಹೇಗೆ? ಇದಕ್ಕೆ ನಿಮ್ಮೂರಿನಲ್ಲೇ ಗುರುಗಳಿದ್ದಾರೆ. ಬೋರ್‌ವೆಲ್ ಮೋಟಾರ್ ಇಳಿಸುವವರು ನೂರಾರು ಅಡಿ ನೀರಿನೊಳಗೆ ಹೋಗುವ ಕೇಬಲ್ ಜಾಯಿಂಟಿಗೆ ಒಂದು ಕಪ್ಪು ರಬ್ಬರ್ ಟೇಪು ಸುತ್ತುತ್ತಾರೆ. ಅದಕ್ಕೆ ಅಂಟು ಇರುವುದಿಲ್ಲ, ಎಳೆದು ಸುತ್ತಿದರೆ ತನ್ನಷ್ಟಕ್ಕೆ ತಾನೇ ಬೆಸೆದುಕೊಂಡು ಒಂದೇ ಗಡ್ಡೆಯಾಗುತ್ತದೆ. ಅಂಗಡಿಯಲ್ಲಿ ಸೆಲ್ಫ್ ಬಾಂಡಿಂಗ್ ಟೇಪು ಎಂದು ಕೇಳಿ. ಪ್ಲಗ್ಗನ್ನು ಕೈಯಿಂದ ಗಟ್ಟಿಯಾಗಿ ಬಿಗಿದ ಮೇಲೆ ಮೊದಲು ಒಳ್ಳೆಯ ಪಿವಿಸಿ ಟೇಪಿನ ಒಂದು ಸುತ್ತು. ಮುಂದೆ ಬಿಚ್ಚುವಾಗ ರಬ್ಬರ್ ಲೋಹಕ್ಕೆ ಅಂಟಿ ಕಾಡಬಾರದಲ್ಲ. ಅದರ ಮೇಲೆ ರಬ್ಬರ್ ಟೇಪನ್ನು ಎರಡರಷ್ಟು ಉದ್ದಕ್ಕೆ ಎಳೆಯುತ್ತ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಸುತ್ತಿ. ಕೊನೆಗೆ ಬಿಸಿಲು ತಡೆಯಲು ಮತ್ತೆ ಪಿವಿಸಿ ಟೇಪು, ಅದು ಕೆಳಗಿನಿಂದ ಮೇಲಕ್ಕೆ. ಗುಡಿಸಲಿಗೆ ಹುಲ್ಲು ಹೊದಿಸುವವರು ಕೆಳಗಿನಿಂದ ಶುರು ಮಾಡುವುದೇಕೆಂದು ನಿಮಗೆ ಗೊತ್ತೇ ಇದೆ. ಮೇಲಿನ ಪದರ ಕೆಳಗಿನದರ ಮೇಲೆ ಬಿದ್ದರೆ ನೀರು ಜಾರಿ ಹೋಗುತ್ತದೆ. ಕೊನೆಯ ತಿರುವನ್ನು ಎಳೆಯದೆ ಸುಮ್ಮನೆ ಕೂರಿಸಿ, ಎಳೆದರೆ ಬಿಸಿಲಿಗೆ ಬಿಚ್ಚಿಕೊಂಡು ಬಾವುಟವಾಗುತ್ತದೆ.

ನಡುವಿನ ಡಬ್ಬಿಯನ್ನು ಪೂರ್ತಿ ಮುಚ್ಚಿ ಗೆದ್ದೆ ಎಂದುಕೊಳ್ಳಬೇಡಿ. ಹಗಲು ಕಾದು ರಾತ್ರಿ ತಣಿದಾಗ ಮುಚ್ಚಿದ ಡಬ್ಬಿ ಒಳಗೇ ಬೆವರುತ್ತದೆ. ತಳದಲ್ಲಿ ಮೂರು ನಾಲ್ಕು ಮಿಲಿಮೀಟರಿನ ಒಂದು ತೂತು ಬಿಡಿ, ಅದಕ್ಕೊಂದು ಸಣ್ಣ ಜಾಲರಿ ಹಚ್ಚಿ. ಹಚ್ಚದಿದ್ದರೆ ಕಣಜ ಮಣ್ಣಿನ ಮನೆ ಕಟ್ಟುತ್ತದೆ. ಕೇಬಲ್ ಮನೆಯೊಳಗೆ ಬರುವ ಮೊದಲು ಕಿಟಕಿಗಿಂತ ಕೆಳಗೆ ಒಮ್ಮೆ ಇಳಿದು ಮತ್ತೆ ಏರಲಿ. ಆ ತಗ್ಗಿನಿಂದ ಮಳೆನೀರು ತೊಟ್ಟಿಕ್ಕುತ್ತದೆ, ಗೋಡೆ ನೆನೆಯುವುದಿಲ್ಲ.

ಹೊಸ ಕೇಬಲ್ ಯಾವುದು? 7 ಮೆಗಾಹರ್ಟ್ಸ್‌ಗೆ ಮಾತ್ರವಾದರೆ ಆರ್‌ಜಿ-58 ಸಾಕು. 30 ಮೀಟರಿಗೆ ಸುಮಾರು 1.2 ಡೆಸಿಬೆಲ್ ನಷ್ಟ, ಯಾರಿಗೂ ತಿಳಿಯದು. ಅದೇ ಕೇಬಲ್ಲಿಗೆ 145 ಮೆಗಾಹರ್ಟ್ಸ್ ಬಿಟ್ಟರೆ ಹೊಸದಾಗಿದ್ದಾಗಲೇ 6 ಡೆಸಿಬೆಲ್, ಮುಕ್ಕಾಲು ಪಾಲು ದಾರಿಯಲ್ಲೇ ಹೋಯಿತು. ದಪ್ಪನೆಯ ಆರ್‌ಜಿ-213ರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮೇಲೆ ಮುಟ್ಟುತ್ತದೆ. ಅದು ಮೀಟರಿಗೆ ಸುಮಾರು 150 ಗ್ರಾಂ ತೂಗುವುದರಿಂದ ಭಾರ ಪ್ಲಗ್ಗಿನ ಮೇಲೆ ಬೀಳದಂತೆ ಕೇಬಲ್ಲನ್ನು ಮಾಸ್ಟಿಗೆ ಕಟ್ಟಬೇಕು. ಯಾವುದೇ ಕೇಬಲ್ಲಾಗಲಿ, ಕೊಳ್ಳುವ ಮೊದಲು ತುದಿ ಸುಲಿದು ಜಾಲರಿ ನೋಡಿ. ತಾಮ್ರದ ಬದಲು ಬೆಳ್ಳನೆಯ ಅಲ್ಯೂಮಿನಿಯಂ ಎಳೆಗಳಿದ್ದರೆ ಬೆಸುಗೆ ಹಿಡಿಯುವುದಿಲ್ಲ, ಬಿಟ್ಟುಬಿಡಿ.

ಉಳಿದ ಸಾಮಾನುಗಳನ್ನು ಬೇಗ ಮುಗಿಸುತ್ತೇನೆ. ಬಿಳಿ ಕೇಬಲ್ ಟೈ ನಿಮ್ಮ ಬಿಸಿಲಿಗೆ ಹೆಚ್ಚು ದಿನ ತಾಳುವುದಿಲ್ಲ. ಕಪ್ಪು ಟೈಯಲ್ಲಿ ಬಿಸಿಲು ತಡೆಯುವ ಇಂಗಾಲದ ಪುಡಿ ಸೇರಿರುತ್ತದೆ. ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗ ಪುಡಿ ಉದುರಿ ಹರಿಯುತ್ತದೆ, ನೈಲಾನ್ ಹಿಗ್ಗುತ್ತದೆ. ಪಾಲಿಯೆಸ್ಟರ್ ಹಗ್ಗ ಕೇಳಿ. ತುದಿಗೆ ವಿದ್ಯುತ್ ಕಂಬದ ತಾಣೆಯ ತಂತಿಯಲ್ಲಿರುವಂಥ ಪಿಂಗಾಣಿ ಮೊಟ್ಟೆ ಹಾಕಿದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಮೊಟ್ಟೆ ಒಡೆದರೂ ಎರಡು ಕುಣಿಕೆ ಒಂದರೊಳಗೊಂದು ಸಿಕ್ಕಿರುವುದರಿಂದ ತಂತಿ ಕೆಳಗೆ ಬೀಳುವುದಿಲ್ಲ. ಬೇವಿನ ಗಿಡದ ಕಡೆ ಬಿಗಿಯಾಗಿ ಕಟ್ಟಬೇಡಿ. ಗಾಳಿಗೆ ಗಿಡ ತೂಗಿದಾಗ ತಂತಿ ಹರಿಯುವುದು ಖಂಡಿತ. ಕೊಂಬೆಗೆ ಒಂದು ರಾಟೆ ಕಟ್ಟಿ, ಹಗ್ಗವನ್ನು ಅದರ ಮೇಲೆ ಹಾಯಿಸಿ, ತುದಿಗೆ ಮರಳು ತುಂಬಿದ ಡಬ್ಬಿ ತೂಗುಬಿಡಿ. ಗಿಡ ತೂಗಿದರೆ ಡಬ್ಬಿ ಮೇಲೆ ಕೆಳಗೆ ಆಡುತ್ತದೆ, ತಂತಿ ನೆಮ್ಮದಿಯಾಗಿರುತ್ತದೆ. ಮಾಸ್ಟಿಗೆ ಹಳದಿ ಪಟ್ಟಿಯ ತೆಳು ಜಿಐ ಪೈಪು ಬೇಡ, ನೀಲಿ ಪಟ್ಟಿಯ ಮಧ್ಯಮ ದರ್ಜೆಯದು ಇರಲಿ. ತೆರೆದ ಮೇಲ್ತುದಿಗೆ ಮುಚ್ಚಳ ಹಾಕಿ. ಮುಂದೆ ಹೊಲದಲ್ಲಿ ಮಾಸ್ಟ್ ನಿಲ್ಲಿಸುವುದಾದರೆ ಎರೆ ಮಣ್ಣನ್ನು ನಂಬಬೇಡಿ, ಗರಸು ಸಿಗುವವರೆಗೆ ಅಗೆದು ಕಾಂಕ್ರೀಟ್ ಹಾಕಿ, ಮತ್ತು ಮಳೆಗಾಲದ ಮೊದಲೂ ಆಮೇಲೂ ತಾಣೆಯ ತಂತಿಗಳ ಬಿಗಿ ನೋಡಿ.

ಸಿಡಿಲಿನ ವಿಷಯದಲ್ಲಿ ಅವಸರ ಮಾಡುವಂತಿಲ್ಲ. ಮಾಸ್ಟಿನ ಬುಡದಿಂದ ದಪ್ಪ ತಾಮ್ರದ ಅಥವಾ ಜಿಐ ಪಟ್ಟಿಯನ್ನು ಆದಷ್ಟು ನೇರವಾಗಿ ನೆಲದ ರಾಡಿಗೆ ಇಳಿಸಿ, ಆ ರಾಡನ್ನು ಮನೆಯ ಅರ್ಥಿಂಗಿಗೂ ಜೋಡಿಸಿ. ಎರಡು ಅರ್ಥಿಂಗ್ ಬೇರೆ ಬೇರೆ ಇದ್ದರೆ ಸಿಡಿಲಿನ ಹೊತ್ತಿಗೆ ಅವುಗಳ ನಡುವಿನ ಅಂತರ ನಿಮ್ಮ ರೇಡಿಯೊದ ಮೂಲಕವೇ ತೀರುತ್ತದೆ. ಎರೆ ಮಣ್ಣು ಒದ್ದೆಯಿದ್ದಾಗ ಅರ್ಥಿಂಗಿಗೆ ಬಹಳ ಒಳ್ಳೆಯದು; ಆದರೆ ಬೇಸಿಗೆಯಲ್ಲಿ ಬಿರಿದು ರಾಡಿನಿಂದ ದೂರ ಸರಿಯುತ್ತದೆ, ಸಿಡಿಲು ಬರುವುದೂ ಅದೇ ಏಪ್ರಿಲ್, ಮೇ ತಿಂಗಳಲ್ಲಿ. ಆ ದಿನಗಳಲ್ಲಿ ರಾಡಿನ ಗುಂಡಿಗೆ ವಾರಕ್ಕೆ ಎರಡು ಕೊಡ ನೀರು ಹಾಕಿ. ಗುಡುಗು ದೂರದಲ್ಲಿ ಕೇಳುವಾಗಲೇ ಕೇಬಲ್ ಬಿಚ್ಚಿ ಕಿಟಕಿಯ ಹೊರಗೆ ಹಾಕಿ. ತಲೆಯ ಮೇಲೆ ಬಂದ ಮೇಲೆ ಮುಟ್ಟಬೇಡಿ. ಇನ್ನೊಂದು ಮಾತು, ಇದು ಸಾಮಾನಿನದ್ದಲ್ಲ, ಜೀವದ್ದು. ಮಾಸ್ಟಾಗಲಿ ತಂತಿಯಾಗಲಿ ಯಾವ ಕಡೆ ಬಿದ್ದರೂ ಜೆಸ್ಕಾಂ ತಂತಿಗೆ ತಾಗದಷ್ಟು ದೂರವಿರಬೇಕು. ಹೊದಿಕೆಯ ವೈರು ಹಾಕಿದ್ದೇನೆ ಎಂಬ ಧೈರ್ಯ 11 ಕೆವಿಯ ಮುಂದೆ ನಡೆಯುವುದಿಲ್ಲ.

ಒಂದು ಡೈಪೋಲಿಗೆ ಇಷ್ಟೆಲ್ಲ ಏಕೆ ಎಂದು ಮನೆಯವರು ಕೇಳಿದರೆ 2020ರ ಅಕ್ಟೋಬರ್ ನೆನಪಿಸಿ. ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ನೀರು ನುಗ್ಗಿ ಜನ ಊರು ಬಿಟ್ಟರು. ಅಂಥ ಹೊತ್ತಿನಲ್ಲಿ ಕರೆಂಟು ಹೋಗುತ್ತದೆ, ಅದರ ಹಿಂದೆ ಮೊಬೈಲ್ ಟವರೂ ಹೋಗಬಹುದು. 2004ರ ಡಿಸೆಂಬರಿನಲ್ಲಿ ಸುನಾಮಿ ಅಂಡಮಾನಿಗೆ ಅಪ್ಪಳಿಸಿದಾಗ, ಹವ್ಯಾಸಕ್ಕೆಂದು ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರ ಹವ್ಯಾಸಿ ರೇಡಿಯೊ ಕೇಂದ್ರವೇ ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿತು. ಕಾರ್ ಬ್ಯಾಟರಿ, ಒಂದು ರೇಡಿಯೊ, ಇಪ್ಪತ್ತು ಮೀಟರ್ ತಂತಿ ಇದ್ದವನ ದನಿ ಅಂದು ಬೇಕಾಗುತ್ತದೆ.

ಆದ್ದರಿಂದ ಈ ವಾರವೇ ಏಣಿ ಇಡಿ. ಮಿರಗದ ಮಳೆಗೆ ಮೊದಲು ಕೆಲಸ ಮುಗಿಯಲಿ. ತಂತಿ ಹಾಗೇ ಇರಲಿ. ಕೇಬಲ್, ಪ್ಲಗ್, ಸಾಕೆಟ್, ಡಬ್ಬಿ, ಟೇಪು ಇಷ್ಟನ್ನೇ ಕೊಳ್ಳಿ. ಹಳೆಯ ಕೇಬಲ್ಲಿನ ಮೇಲ್ತುದಿಯಿಂದ ಒಂದೊಂದು ಅಡಿ ಕವಚ ಸೀಳುತ್ತ ಬನ್ನಿ, ಜಾಲರಿ ಎಷ್ಟು ಅಡಿಯವರೆಗೆ ಕಪ್ಪಾಗಿದೆ ಎಂದು ಅಳೆದು ನನಗೊಂದು ಕಾರ್ಡು ಬರೆಯಿರಿ. ನನ್ನದು ಎಂಟು ಅಡಿ ಇತ್ತು.